ಮ್ಯಾಲಿನವರ ನೀರು: ಮಲಪ್ರಭೆಯ ಗುಂಟ ನಾಲ್ಕು ದಿನ

ನಮ್ಮ ಮಾಮಾ ಮೂವತ್ತು ವರ್ಷದ ಮೇಲೆ ಒಂದು ಪಟ್ಟಣದ ನೀರು ಸರಬರಾಜಿನಲ್ಲಿ ವಾಲ್ವ್‌ಮನ್ ಆಗಿದ್ದವರು. ಯಾವ ಓಣಿಗೆ ಎಷ್ಟು ಗಂಟೆಗೆ ನೀರು ಬಿಡಬೇಕು ಅನ್ನೋದು ಅವರ ಕೈಯಲ್ಲಿದ್ದಾಗ ಊರಲ್ಲಿ ಅವರಿಗಿದ್ದ ಮರ್ಯಾದೆ ಎಂಎಲ್‌ಎಗೂ ಇರಲಿಲ್ಲ. ರಿಟೈರ್ ಆದ ಮೇಲೂ ಬೆಳಗಿನ ಜಾವ 4 ಗಂಟೆಗೆ ಎದ್ದು ನಳ ತಿರುಗಿಸಿ ನೋಡುತ್ತಾರೆ. ಬೆಳಗಾವಿಯ ನಮ್ಮ ಮನೆಗೆ ಬಂದಾಗ ಒಮ್ಮೆ ಊಟದ ಮಧ್ಯೆ ಸುಮ್ನೆ ಅಂದರು: “ಜಿಂದಗಿಪೂರ್ತಿ ಮಲಪ್ರಭಾ ನೀರು ಬಿಟ್ಟೆ ನೋಡಪಾ. ಆ ಹೊಳೀ ಬುಡಾನೂ ನೋಡಿಲ್ಲ, ತುದೀನೂ ನೋಡಿಲ್ಲ.”

ಫೆಬ್ರವರಿ ಕೊನೆಯಲ್ಲಿ ನಾಲ್ಕು ದಿನ ರಜೆ ಹಾಕಿದೆ. ಹಳೇ ಆಲ್ಟೊ ತೆಗೆದೆವು. ಮಾಮಾ ಒಂದು ಕೈಚೀಲದಲ್ಲಿ ಏಳೆಂಟು ಖಾಲಿ ನೀರಿನ ಬಾಟಲಿ ತುಂಬಿಕೊಂಡು ಬಂದಿದ್ದರು. ಜೊತೆಗೆ ಬಿಳಿ ಪಟ್ಟಿ, ಒಂದು ಮಾರ್ಕರ್ ಪೆನ್ನು. ಕಾರು ಎಲ್ಲಿ ನಿಂತರೂ ಅಲ್ಲಿಯ ಹೊಳೆ ನೀರು ತುಂಬಬೇಕು, ಮೇಲೆ ಊರಿನ ಹೆಸರು ಬರೆಯಬೇಕು. ಯಾಕೆ ಅಂದರೆ “ನೋಡೂಣಂತ” ಅಂದರು. ಅಷ್ಟೇ.

ಮೊದಲನೇ ದಿನ: ಕಣಕುಂಬಿ, ಖಾನಾಪುರ

ಬೆಳಗಾವಿಯಿಂದ ಚೋರ್ಲಾ ಘಾಟಿನ ಕಡೆ ಹೋಗುವ ರಸ್ತೆ. ಜಾಂಬೋಟಿ ದಾಟಿದ ಮೇಲೆ ಕಾಡು ಶುರು. ಕಣಕುಂಬಿ ಮುಟ್ಟುವಷ್ಟರಲ್ಲಿ ಫೆಬ್ರವರಿಯಲ್ಲೂ ಕಿವಿ ತಣ್ಣಗಾಗಿತ್ತು. ಸಮುದ್ರ ಮಟ್ಟದಿಂದ ಸುಮಾರು 792 ಮೀಟರ್ ಎತ್ತರದ ಈ ಊರಲ್ಲಿ ಹುಟ್ಟಿ, 304 ಕಿಲೋಮೀಟರ್ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವುದು ಮಲಪ್ರಭೆಯ ಜಾತಕ. ಇಲ್ಲಿ ನೋಡಿದರೆ ಹೊಳೆ ಅನ್ನೋಕೆ ಮನಸ್ಸು ಬರಲ್ಲ. ಗುಡಿ, ತೀರ್ಥದ ಹೊಂಡ, ಕಲ್ಲಿನ ಸಂದಿಯ ಒಂದಿಷ್ಟು ನೀರು. ಮಾಮಾ ಚಪ್ಪಲಿ ಬಿಟ್ಟು ಇಳಿದು ಮೊದಲ ಬಾಟಲಿ ತುಂಬಿದರು. ಕೈ ಮುಗಿದರು. ಆಮೇಲೆ ಅಭ್ಯಾಸಬಲದಿಂದ ಬೆಳಕಿಗೆ ಹಿಡಿದು ನೋಡಿದರು.

ಚಹಾದ ಅಂಗಡಿಯಲ್ಲಿ ಕುಳಿತಾಗ ಮಾತು ತಾನಾಗೇ ಕಳಸಾ ಕಾಲುವೆಗೆ ಬಂತು. ಈ ಊರಲ್ಲಿ ಯಾರು ಬಂದರೂ ಅದನ್ನೇ ಕೇಳುತ್ತಾರಂತೆ. ಮಹದಾಯಿ ಕಣಿವೆಯ ನೀರನ್ನು ಇಲ್ಲಿಂದ ಮಲಪ್ರಭೆಗೆ ತಿರುಗಿಸಬೇಕು ಅನ್ನೋದು ನಮ್ಮ ಕಡೆಯ ಹಳೇ ಬೇಡಿಕೆ. ಗೋವಾ ಒಪ್ಪಲ್ಲ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಕೊಟ್ಟಿತು. ಆ ಅಂಕಿ ನಮ್ಮ ಜಿಲ್ಲೆಯ ಸಣ್ಣ ಹುಡುಗರಿಗೂ ಬಾಯಿಪಾಠ.

“ನಿಮಗೆ ಹೊಲಸು ನೀರಿನ ತ್ರಾಸಿಲ್ಲ ಬಿಡ್ರಿ” ಅಂದರು ಮಾಮಾ.

ಅಂಗಡಿಯವನ ಕನ್ನಡದಲ್ಲಿ ಅರ್ಧ ಮರಾಠಿ. “ನಮ್ಮ ಮ್ಯಾಲೆ ಯಾರೂ ಇಲ್ರಿ ಕಾಕಾ. ಗೋವಾದವ್ರು ಬಾಜೂಕ ಅದಾರ, ಮ್ಯಾಲೆ ಇಲ್ಲ.”

ಈ ‘ಮ್ಯಾಲೆ’ ಅನ್ನೋ ಮಾತು ಮುಂದಿನ ಮೂರು ದಿನ ನಮ್ಮ ಬೆನ್ನು ಬಿಡಲಿಲ್ಲ.

ಬರುವಾಗ ಹಬ್ಬಾನಟ್ಟಿಯ ಮಾರುತಿಗೆ ಒಂದು ಸುತ್ತು ಹಾಕಿದೆವು. ಹೊಳೆಯ ಪಾತ್ರದಲ್ಲೇ ಗುಡಿ. ಮಳೆಗಾಲದಲ್ಲಿ ದೇವರೇ ಮುಳುಗುತ್ತಾನೆ. ನೀರು ಎಷ್ಟು ತಿಳಿ ಅಂದರೆ ತಳದ ಕಲ್ಲು ಎಣಿಸಬಹುದು. ಎರಡನೇ ಬಾಟಲಿ. ರಾತ್ರಿ ಖಾನಾಪುರದಲ್ಲಿ ಸಂಬಂಧಿಕರ ಮನೆ. ಹೊಳೆಯಿಂದ ಬರಿಗೈಲಿ ಬಂದೆವು ಅಂತ ಸುಳ್ಳು ಹೇಳಿ ಬಾಟಲಿಗಳನ್ನು ಕಾರಿನಲ್ಲೇ ಬಿಟ್ಟೆವು.

ಎರಡನೇ ದಿನ: ಒಂದು ಊರು, ಒಂದು ಫ್ಯಾಕ್ಟರಿ

ಈ ಊರಿನ ಹೆಸರು ಬರೆಯಲ್ಲ. ಬರೆದರೆ ಆ ಊರಿನವರಿಗೆ ಬೇಜಾರು, ಬೇರೆ ಊರಿನವರಿಗೆ ಖುಷಿ. ಎರಡೂ ಬೇಡ.

ಹೊಳೆ ದಂಡೆಯ ಊರು. ಮಾಮಾ ಮೊದಲು ಕೇಳಿದ್ದು ಜಾಕ್‌ವೆಲ್ ಎಲ್ಲಿ ಅಂತ. ಊರಿಗೆ ಹೊಳೆ ನೀರು ಎತ್ತುವ ಆ ಬಾವಿ ಊರಿನ ಮೇಲ್ಬದಿಗೆ ಇತ್ತು. ಅಲ್ಲಿಂದ ದಂಡೆಗುಂಟ ನಡೆದುಕೊಂಡು ಬಂದರೆ ಸ್ವಲ್ಪ ದೂರದಲ್ಲಿ ದೊಡ್ಡ ಗಟಾರ ನೇರ ಹೊಳೆಗೆ ಬೀಳುತ್ತಿತ್ತು. ಮೇಲೆ ಜಾಕ್‌ವೆಲ್, ಕೆಳಗೆ ಗಟಾರ. ಕುಡಿಯೋ ನೀರು ತಗೊಂಡ ಮೇಲೆ ಹೊಲಸು ಬಿಡೋದು. ಜಾಣತನವೇ, ಆದರೆ ಕೆಳಗಿನ ಊರಿನ ಜಾಕ್‌ವೆಲ್ ಎಲ್ಲಿದೆ ಅಂತ ಯಾರೂ ಯೋಚಿಸಿರಲಿಲ್ಲ ಅಷ್ಟೇ. ಗಟಾರ ಬೀಳುವ ಜಾಗದಲ್ಲಿ ನೀರು ಬೂದಿ ಬಣ್ಣ. ಅಂತರಗಂಗೆ ದಟ್ಟವಾಗಿ ಹಬ್ಬಿ ಹಸಿರು ಚಾಪೆ ಹಾಸಿದ ಹಾಗಿತ್ತು. ಮೇಲೆ ಕೊಕ್ಕರೆ ನಡೆದಾಡುತ್ತಿದ್ದವು. ದೂರದಿಂದ ಫೋಟೋ ಹೊಡೆದರೆ ಚಂದ.

ಮಾಮಾನಿಗೆ ಪರಿಚಯದ ಒಬ್ಬರು ಮಾಜಿ ಮೆಂಬರ್ ಇದ್ದರು. ಅವರನ್ನು ಅಲ್ಲೇ ಕರೆಸಿದರು. ಬಂದವರು ಮೂಗಿಗೆ ಟವೆಲ್ ಹಿಡಿದುಕೊಂಡೇ ಮಾತಾಡಿದರು.

“ಇಪ್ಪತ್ತು ಸಾವಿರ ಮಂದಿ ಅಂತ ಹಿಡೀರಿ” ಅಂದರು ಮಾಮಾ. “ತಲಿಗೆ ನೂರು ಲೀಟರ್ ಕೊಟ್ರ ದಿನಕ್ಕ 20 ಲಕ್ಷ ಲೀಟರ್. ಅದರಾಗ ನೂರಕ್ಕ ಎಂಬತ್ತು ತಿರುಗಿ ಗಟಾರಕ್ಕ ಬರತೈತಿ. 16 ಲಕ್ಷ. ಐದು ಸಾವಿರ ಲೀಟರಿನ ಟ್ಯಾಂಕರ್ ಆದ್ರ 320 ಟ್ಯಾಂಕರ್. ದಿನಾ!”

“ಲೆಕ್ಕ ಖರೇನ ಐತಿ ಅಣ್ಣಾವರ. ಆದ್ರ ನನ್ನ ಲೆಕ್ಕಾನೂ ಕೇಳ್ರಿ.”

ಮೆಂಬರರ ಲೆಕ್ಕವನ್ನು ನಾನು ಎಲ್ಲೂ ಓದಿರಲಿಲ್ಲ. ಒಳಚರಂಡಿ, ಅಂದರೆ ಯುಜಿಡಿ ಹಾಕಬೇಕಾದರೆ ಊರಿನ ಎಲ್ಲ ರಸ್ತೆ ಅಗೆಯಬೇಕು. ಎರಡು ವರ್ಷ ಧೂಳು, ಕೆಸರು. ಅಗೆಸಿದ ಮೆಂಬರ್ ಮುಂದಿನ ಸಲ ಆರಿಸಿ ಬರಲ್ಲ. ಬಂದವನು ಆ ರಸ್ತೆಗೆ ಡಾಂಬರು ಹಾಕಿ ಹಾರ ಹಾಕಿಸಿಕೊಳ್ಳುತ್ತಾನೆ. ಇನ್ನು ಶುದ್ಧೀಕರಣ ಘಟಕ. ಗಟಾರದ ನೀರು ತಾನಾಗೇ ಹರಿದು ಬರಬೇಕು ಅಂದರೆ ಅದು ಊರಿನ ತಗ್ಗಿನಲ್ಲಿ ಇರಬೇಕು. ತಗ್ಗು ಅಂದರೆ ಹೊಳೆ ದಂಡೆ. ಹೊಳೆ ದಂಡೆ ಅಂದರೆ ಎಲ್ಲಕ್ಕಿಂತ ಒಳ್ಳೇ ಭೂಮಿ, ಕಬ್ಬಿನ ಗದ್ದೆ. ಆ ಭೂಮಿ ಯಾರು ಬಿಟ್ಟುಕೊಡ್ತಾರೆ? ಬೆಳಗಾವಿಯಲ್ಲೇ ನೋಡಿ, ಹಲಗಾದಲ್ಲಿ ಘಟಕಕ್ಕೆ ಜಮೀನು ತಗೊಳ್ಳೋಕೆ ಹೋದಾಗ ರೈತರು ಎಷ್ಟು ವರ್ಷ ಬಡಿದಾಡಿದರು. ಊರಿಗೆ ಘಟಕ ಬೇಕು, ನಮ್ಮ ಹೊಲದಲ್ಲಿ ಬೇಡ. ರೈತರದು ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

“ಇನ್ನ ಕಟ್ಟಿದ್ರು ಅಂತ ತಿಳೀರಿ” ಅಂತ ಮೆಂಬರ್ ಮುಂದುವರಿಸಿದರು. “ಕಟ್ಟಾಕ ರೊಕ್ಕ ಬೆಂಗಳೂರಿಂದ ಬರತೈತಿ. ಗುದ್ದಲಿ ಪೂಜಾ ಆಗತೈತಿ, ಫ್ಲೆಕ್ಸ್ ಹಾಕ್ತಾರ. ನಡಸಾಕ ಕರೆಂಟ್ ಬಿಲ್ ಯಾರು ಕಟ್ಟಬೇಕು? ನಾವು. ಮನೀ ಗಟಾರನ್ನ ಪೈಪಿಗೆ ಜೋಡಸ್ರಿ ಅಂದ್ರ ಜನ ರೊಕ್ಕ ಬಿಚ್ಚಂಗಿಲ್ಲ. ಪೈಪು ನೆಲದಾಗ, ನೀರು ಹೊಳ್ಯಾಗ.”

ಹಾಗಾದರೆ ಈ ಹೊಲಸಿಗೆ ಹೊಣೆ ಯಾರು ಅಂತ ನಾನು ಕೇಳಿದೆ.

“ಅದು ಮ್ಯಾಲಿನವರನ್ನ ಕೇಳಬೇಕ್ರಿ.”

ಮೇಲಿನ ಊರಿನವರನ್ನೋ, ಮೇಲಿನ ಅಧಿಕಾರಿಗಳನ್ನೋ ಅಂತ ಅವರು ಬಿಡಿಸಿ ಹೇಳಲಿಲ್ಲ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ ಇರೋದು ಎಷ್ಟು ಅನುಕೂಲ, ಅಲ್ವಾ?

ಕಾರಿನಲ್ಲಿ ಮಾಮಾನಿಗೆ 2018ರ ಕಥೆ ಹೇಳಿದೆ. ಆ ವರ್ಷ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ ನದಿಗಳ 351 ಭಾಗಗಳು ಕೆಟ್ಟಿವೆ ಅಂತ ಪಟ್ಟಿ ಮಾಡಿತು. ಕರ್ನಾಟಕದ್ದು 17, ಅದರಲ್ಲಿ ಮಲಪ್ರಭೆಯೂ ಒಂದು. ಹಸಿರು ನ್ಯಾಯಮಂಡಳಿ ತಾನಾಗೇ ಕೇಸು ಹಾಕಿಕೊಂಡಿತು. ಎಲ್ಲ ರಾಜ್ಯಗಳೂ ಸಮಿತಿ ಮಾಡಬೇಕು, ಯೋಜನೆ ಬರೆಯಬೇಕು, ಯೋಜನೆ ಒಪ್ಪಿಗೆಯಾದ ಆರು ತಿಂಗಳಲ್ಲಿ ನೀರು ಕನಿಷ್ಠ ಸ್ನಾನಕ್ಕಾದರೂ ಲಾಯಕ್ಕಾಗಬೇಕು ಅಂತ ಹೇಳಿತು.

“ಆರು ತಿಂಗಳಾ?” ಮಾಮಾ ನಕ್ಕರು. “ನಾ ಒಂದು ವಾಲ್ವ್ ಬದಲೀ ಮಾಡಸಾಕ ಅರ್ಜಿ ಕೊಟ್ಟು ಒಂದೂವರಿ ವರ್ಷ ಕಾದೀನಿ.”

ಆ ಪಟ್ಟಿಯ ಅಳತೆಗೋಲು ಬಿಒಡಿ. ನೀರಿನಲ್ಲಿ ಹೊಲಸು ಬಿದ್ದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಲ್ಲಿರುವ ಆಮ್ಲಜನಕ ಖಾಲಿ ಮಾಡುತ್ತವೆ. ಹೊಲಸು ಜಾಸ್ತಿ ಇದ್ದಷ್ಟೂ ಬಿಒಡಿ ಜಾಸ್ತಿ, ಮೀನಿಗೆ ಉಸಿರು ಕಡಿಮೆ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಹೊಳೆ ಕೆಟ್ಟಿದೆ ಅಂತ ಲೆಕ್ಕ. ಮನೆಗಳ ಗಟಾರದ ನೀರಿನಲ್ಲಿ ಇದು 200ರಿಂದ 300 ಇರುತ್ತದೆ.

ಮಧ್ಯಾಹ್ನ ಮುಗುಟಖಾನ ಹುಬ್ಬಳ್ಳಿ. ಜನ ಎಂ.ಕೆ. ಹುಬ್ಬಳ್ಳಿ ಅಂತಾರೆ. ಹೈವೇ ಸೇತುವೆ ಮೇಲೆ ದಿನಾ ಸಾವಿರಾರು ಗಾಡಿ ಓಡಾಡುತ್ತವೆ, ಕೆಳಗೆ ಬಸವಣ್ಣನವರ ಹೆಂಡತಿ ಗಂಗಾಂಬಿಕೆಯ ಐಕ್ಯಸ್ಥಳ ಇದೆ ಅಂತ ಎಷ್ಟು ಜನಕ್ಕೆ ಗೊತ್ತೋ! ಗಂಡನ ಐಕ್ಯ ಇದೇ ಹೊಳೆಯ ತುದಿಯಲ್ಲಿ, ಹೆಂಡತಿಯದು ಇಲ್ಲಿ. ನೆರಳಲ್ಲಿ ಕುಳಿತು ರೊಟ್ಟಿ ಬುತ್ತಿ ಬಿಚ್ಚಿದೆವು. ನೀರಿನ ಅಂಚಿನಲ್ಲಿ ಹಳೇ ಸೀರೆ, ದೇವರ ಫೋಟೋದ ಚೌಕಟ್ಟು, ಪ್ಲಾಸ್ಟಿಕ್ ಹಾರ. ಇದನ್ನು ಯಾವ ಮ್ಯಾಲಿನವರೂ ಹಾಕಿದ್ದಲ್ಲ.

ಸಂಜೆ ಸವದತ್ತಿ ದಾರಿಯಲ್ಲಿ ಒಂದು ಕಬ್ಬಿನ ಗದ್ದೆಯ ಹತ್ತಿರ ನಿಂತೆವು. ಗಾಳಿಯಲ್ಲಿ ಸಿಹಿಯೂ ಅಲ್ಲದ ಹುಳಿಯೂ ಅಲ್ಲದ ಒಂದು ವಾಸನೆ. ದೂರದಲ್ಲಿ ಸಕ್ಕರೆ ಫ್ಯಾಕ್ಟರಿಯ ಚಿಮಣಿ. ಯಾವ ಫ್ಯಾಕ್ಟರಿ ಅನ್ನೋದು ಇಲ್ಲಿ ಮುಖ್ಯ ಅಲ್ಲ, ನಮ್ಮ ಜಿಲ್ಲೆಯಲ್ಲಿ ನಾಲ್ಕು ದಿಕ್ಕಿಗೂ ಚಿಮಣಿ ಇವೆ. ನೀರು ಹಾಯಿಸುತ್ತಿದ್ದ ಅಜ್ಜ ಒಂದು ಹಳ್ಳ ತೋರಿಸಿ, ಹಂಗಾಮಿನಲ್ಲಿ ಕೆಲವು ರಾತ್ರಿ ಇದು ಚಹಾದ ಬಣ್ಣ ಆಗತೈತಿ ಅಂದ. ನಾನು ಕಣ್ಣಾರೆ ನೋಡಲಿಲ್ಲ, ಅವನ ಮಾತು ಅಷ್ಟೇ. ಆದರೆ ಲೆಕ್ಕ ಗೊತ್ತಿದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಒಂದು ಲೀಟರ್ ಸ್ಪಿರಿಟ್ ತೆಗೆದರೆ 8ರಿಂದ 15 ಲೀಟರ್ ಕಪ್ಪು ತ್ಯಾಜ್ಯ ನೀರು ಉಳಿಯುತ್ತದೆ. ಅದರ ಬಿಒಡಿ 40–50 ಸಾವಿರ. ಮೂರು ಎಲ್ಲಿ, ನಲವತ್ತು ಸಾವಿರ ಎಲ್ಲಿ! ಅದನ್ನು ಹೊರಗೆ ಬಿಡಬಾರದು. ಆವಿ ಮಾಡಿ ಗಟ್ಟಿಸಿ ಸುಡಬೇಕು ಅಥವಾ ಫ್ಯಾಕ್ಟರಿಯ ಮಡ್ಡಿ ಜೊತೆ ಗೊಬ್ಬರ ಮಾಡಬೇಕು ಅಂತ ನಿಯಮ. ನಿಯಮ ಹಗಲಿಗೂ ಇದೆ, ರಾತ್ರಿಗೂ ಇದೆ.

“ಕಂಪ್ಲೇಂಟ್ ಕೊಡಬೇಕಿತ್ತಲ್ಲ ಅಜ್ಜಾ?”

“ಕೊಟ್ಟು? ಫ್ಯಾಕ್ಟರಿ ಬಂದ್ ಆದ್ರ ನನ್ನ ಕಬ್ಬು ನೀ ನುರಸ್ತಿಯೇನು? ಹ್ವಾದ ವರ್ಷದ ಬಾಕಿ ಇನ್ನಾ ಬರೂದೈತಿ.”

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಮಾಮಾ ಹಳ್ಳದ ನೀರು ತುಂಬಲು ಇಳಿದರು. ಅಜ್ಜ ಅವರ ಕೈ ಹಿಡಿದು ದಂಡೆಗೆ ಹತ್ತಿಸಿದ, ಎರಡು ಕಬ್ಬಿನ ಗಣಿಕೆ ಮುರಿದು ಕೊಟ್ಟ.

ಮೂರನೇ ದಿನ: ನವಿಲುತೀರ್ಥದಿಂದ ಬೆಣ್ಣಿಹಳ್ಳ

ಎಲ್ಲಮ್ಮನ ಗುಡ್ಡಕ್ಕೆ ಹೋಗಿ, ಭಂಡಾರ ಹಚ್ಚಿಕೊಂಡು, ನವಿಲುತೀರ್ಥಕ್ಕೆ ಬಂದೆವು. ಎರಡು ಗುಡ್ಡದ ನಡುವಿನ ಕಂಡಿಯಲ್ಲಿ ಹೊಳೆ ನುಗ್ಗುತ್ತಿದ್ದ ಜಾಗ. ಅಲ್ಲೇ ಅಣೆಕಟ್ಟು. ರೇಣುಕಾಸಾಗರ ತುಂಬಿದರೆ 37 ಟಿಎಂಸಿಯ ಮೇಲೆ ನೀರು ಹಿಡಿಯುತ್ತದೆ. ಆದರೆ ಪೂರ್ತಿ ತುಂಬೋದು ಪ್ರತಿ ವರ್ಷದ ಮಾತಲ್ಲ. ಮಾಮಾ ಇಲ್ಲಿ ತುಂಬಿದ ಬಾಟಲಿ ಕಣಕುಂಬಿಯದಕ್ಕಿಂತ ತಿಳಿಯಾಗಿತ್ತು. ನನಗೆ ಆಶ್ಚರ್ಯ. “ನಿಂತ ನೀರಿನಾಗ ರಾಡಿ ತಳಕ್ಕ ಕೂಡತೈತಿ ಅಳಿಯಾ. ತಿಳಿ ಇದ್ದದ್ದೆಲ್ಲಾ ಚಲೋ ಅಲ್ಲ. ನಾ ಸ್ಪಟಿಕ ಹಾಕಿ ತಿಳಿ ಮಾಡಿ, ಬ್ಲೀಚಿಂಗ್ ಹಾಕೂದು ಮರತ್ರ ಊರು ಮಂದಿಗೆಲ್ಲಾ ವಾಂತಿಭೇದಿ.”

ಈ ಸಾಗರದ ನೀರು ಹುಬ್ಬಳ್ಳಿ–ಧಾರವಾಡಕ್ಕೆ ಹೋಗುತ್ತದೆ. ಅಲ್ಲಿ ಲಕ್ಷಾಂತರ ಜನ ಕುಡಿಯುತ್ತಾರೆ, ತೊಳೆಯುತ್ತಾರೆ. ಆಮೇಲೆ ಆ ನೀರು ಎಲ್ಲಿಗೆ ಹೋಗುತ್ತದೆ? ಅದಕ್ಕೆ ಉತ್ತರ ಸಂಜೆ ಸಿಕ್ಕಿತು.

ಅಣೆಕಟ್ಟಿನ ಕೆಳಗೆ ಹೊಳೆ ಬೇರೆಯೇ. ನೀರೆಲ್ಲ ಕಾಲುವೆಗೆ, ಪೈಪಿಗೆ. ಹೊಳೆಗೆ ಉಳಿಯೋದು ಅಲ್ಲೊಂದು ಇಲ್ಲೊಂದು ಮಡು. ರಾಮದುರ್ಗದ ಕಡೆ ಹೋಗುತ್ತಾ ಒಂದು ಕಡೆ ಕಾರು ನಿಲ್ಲಿಸಿ ಹೊಳೆ ಹುಡುಕಿದೆವು. ಹುಡುಕಿದೆವು ಅಂತಲೇ ಹೇಳಬೇಕು. ಕಬ್ಬಿನ ಸಾಲು ಇಳಿಯುತ್ತಾ ಇಳಿಯುತ್ತಾ ಪಾತ್ರದೊಳಗೇ ಹೋಗಿತ್ತು. ನಡುವೆ ಒಂದು ಎತ್ತಿನ ಗಾಡಿ ಹಾಯುವಷ್ಟು ಜಾಗದಲ್ಲಿ ಪಾಚಿಗಟ್ಟಿದ ನೀರು. ಹೊಳಿ ಹೋಗಿ ಹೊಲ ಆಗಿತ್ತು.

ಹೊಳೆ ಸ್ವಚ್ಛ ಆಗಬೇಕಾದರೆ ಮೊದಲು ಹರಿಯಬೇಕು. ಹರಿಯುವ ನೀರಿಗೆ ಗಾಳಿ ಸೇರುತ್ತದೆ, ಸ್ವಲ್ಪ ಹೊಲಸನ್ನು ತಾನೇ ಅರಗಿಸಿಕೊಳ್ಳುತ್ತದೆ. ಇಲ್ಲಿ ಹರಿಯೋದೇ ಇಲ್ಲ. ಬೇಸಿಗೆಯಲ್ಲಿ ಊರುಗಳ ಗಟಾರ ಬಿಟ್ಟರೆ ಹೊಳೆಗೆ ಬೇರೆ ಗತಿ ಇಲ್ಲ.

ಅದೇ ಹೊಳೆ 2019ರ ಆಗಸ್ಟ್‌ನಲ್ಲಿ ಬಂದು ತನ್ನ ಜಾಗ ವಾಪಸ್ ಕೇಳಿತು. ರಾಮದುರ್ಗದಲ್ಲಿ ಚಹಾ ಕುಡಿಯುವಾಗ ಒಬ್ಬರು ಗೋಡೆ ಮೇಲಿನ ಕಲೆ ತೋರಿಸಿದರು. ನನ್ನ ತಲೆಗಿಂತ ಮೇಲೆ. ಒತ್ತುವರಿ ಸರ್ವೇ ಆಗಬೇಕು, ಗಡಿ ಕಲ್ಲು ನೆಡಬೇಕು ಅಂತ ಆಗ ಎಲ್ಲರೂ ಅಂದರು. ಪ್ರವಾಹ ಇಳಿದ ಮೇಲೆ ಅದೇ ಎಲ್ಲರೂ ಕಬ್ಬು ನೆಟ್ಟರು.

ಅದೇ ಅಂಗಡಿಯಲ್ಲಿ ನಾಲ್ಕೈದು ಹುಡುಗರು. ಮಹದಾಯಿ ಹೋರಾಟದಲ್ಲಿ ಇದ್ದವರು. ಪಕ್ಕದ ನರಗುಂದದಲ್ಲಿ 2015ರ ಜುಲೈನಲ್ಲಿ ಶುರುವಾದ ಧರಣಿ ವರ್ಷಗಟ್ಟಲೆ ನಡೆಯಿತು. ಅದಕ್ಕೂ ಮೊದಲು 1980ರ ಜುಲೈ 21ರ ನರಗುಂದ ಬಂಡಾಯವೂ ಇದೇ ಮಲಪ್ರಭಾ ಕಾಲುವೆ ಕರದ ಸಲುವಾಗಿಯೇ. ನೀರಿಗಾಗಿ ಜೀವ ಕೊಟ್ಟ ಸೀಮೆ ಇದು. ನಾನು ಆ ಹುಡುಗರನ್ನು ಕೇಳಿದೆ, ಹೊಳೆಯ ಹೊಲಸಿಗೆ ಯಾವಾಗಾದರೂ ಬಂದ್ ಮಾಡಿದ್ದೀರಾ ಅಂತ.

ಒಬ್ಬ ಪ್ರಾಮಾಣಿಕವಾಗಿ ಹೇಳಿದ: “ಟಿಎಂಸಿ ಅಂದ್ರ ಮಂದಿ ಬರ್ತಾರ್ರಿ. ಬಿಒಡಿ ಅಂದ್ರ ನಮಗ ತಿಳೀಬೇಕಲ್ಲ?”

ನಾಲ್ಕು ದಿನದಲ್ಲಿ ಕೇಳಿದ ಅತಿ ಸರಿಯಾದ ಮಾತು ಇದು ಅಂತ ನನಗೆ ಅನಿಸಿತು. ಎಷ್ಟು ನೀರು ಅನ್ನೋದಕ್ಕೆ ನಮ್ಮಲ್ಲಿ ರಾಜಕೀಯ ಇದೆ. ಎದುರಾಳಿ ಬೇರೆ ರಾಜ್ಯದವನು, ಬೈಯೋದು ಸಲೀಸು. ಎಂಥ ನೀರು ಅನ್ನೋದಕ್ಕೆ ರಾಜಕೀಯ ಇಲ್ಲ. ಅಲ್ಲಿ ಎದುರಾಳಿ ನಮ್ಮೂರಿನ ಗಟಾರ, ನಮ್ಮ ಕಬ್ಬು, ನಮ್ಮ ಫ್ಯಾಕ್ಟರಿ. ಯಾವ ಪಕ್ಷ ಬೈಯುತ್ತೆ ಹೇಳಿ?

ಸಂಜೆ ರೋಣ ತಾಲ್ಲೂಕಿನ ಮೆಣಸಗಿ ಕಡೆ ತಿರುಗಿದೆವು. ಗದಗ ಜಿಲ್ಲೆಗೆ ಸ್ವಲ್ಪ ನುಗ್ಗಿದ ಹಾಗಾಯಿತು. ಬೆಣ್ಣಿಹಳ್ಳ ಮಲಪ್ರಭೆಗೆ ಸೇರೋದು ಈ ಕಡೆ. ಹೆಸರು ಬೆಣ್ಣೆ. ಮಳೆಗಾಲದಲ್ಲಿ ಊರು ನುಂಗುತ್ತದೆ, ಬೇಸಿಗೆಯಲ್ಲಿ ಹುಬ್ಬಳ್ಳಿಯ ಕೊಳಚೆ ಹೊರುತ್ತದೆ. ಹುಬ್ಬಳ್ಳಿಯ ನಾಲೆಗಳ ನೀರನ್ನೇ ಮೋಟರಿನಿಂದ ಎತ್ತಿ ತರಕಾರಿ ಬೆಳೆಯುವ ರೈತರು ಆ ಕಡೆ ಇದ್ದಾರೆ. ಉಳಿದದ್ದು ಹಳ್ಳ ಸೇರಿ ಇಲ್ಲಿಗೆ ಬರುತ್ತದೆ. ಬೆಳಗ್ಗೆ ರೇಣುಕಾಸಾಗರದಲ್ಲಿ ನೋಡಿದ ತಿಳಿನೀರು ಹುಬ್ಬಳ್ಳಿಯ ಅಡುಗೆಮನೆ, ಬಚ್ಚಲು ಎಲ್ಲ ಸುತ್ತಿ ಬಂದು ಮತ್ತೆ ಅದೇ ಮಲಪ್ರಭೆಯ ಮಡಿಲಿಗೆ ಬೀಳುತ್ತದೆ. ಮಾಮಾ ದಂಡೆಯ ಮೇಲೆ ಬಹಳ ಹೊತ್ತು ನಿಂತರು.

“ನಾ ಬಿಟ್ಟ ನೀರು ಎಲ್ಲಿ ಹೋಗತೈತಿ ಅಂತ ಮೂವತ್ತು ವರ್ಷ ಒಮ್ಮೀನೂ ಕೇಳಲಿಲ್ಲ ನೋಡು” ಅಂದರು.

ನಾಲ್ಕನೇ ದಿನ: ಬಾದಾಮಿ, ಪಟ್ಟದಕಲ್ಲು, ಸಂಗಮ

ಬಾದಾಮಿಯ ಲಾಡ್ಜ್ ಮುಂದೆ ಬೆಳಗ್ಗೆ ಕಾರಿನ ಬಾಗಿಲು ತೆಗೆದರೆ ಹಿಂದಿನ ಸೀಟಿನಲ್ಲಿ ಒಂದು ಬಾಟಲಿ ಬಲೂನಿನಂತೆ ಉಬ್ಬಿತ್ತು. ಹೆಸರು ಬರೆಯದ ಆ ಊರಿನದು. ಮಾಮಾ ಮುಚ್ಚಳ ತಿರುವಿದರು. ‘ಸುಸ್’ ಅಂತ ಗಾಳಿ ಬಂತು, ಹಿಂದೆಯೇ ಕೊಳೆತ ತತ್ತಿಯ ವಾಸನೆ. ಲಾಡ್ಜ್ ಹುಡುಗ ಓಡಿ ಬಂದ. ಆ ಬಾಟಲಿಯನ್ನು ಅಲ್ಲೇ ಗುಂಡಿ ತೋಡಿ ಸುರಿದೆವು. ಬನಶಂಕರಿವರೆಗೂ ನಾಲ್ಕೂ ಕಿಟಕಿ ಇಳಿಸಿಕೊಂಡೇ ಹೋದೆವು. ಆದರೂ ಗುಡಿಯ ಹತ್ತಿರ ಬುಟ್ಟಿ ಹೊತ್ತ ಅಕ್ಕ ಕೊಟ್ಟ ಖಡಕ್ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಬಿಡಲಿಲ್ಲ.

ಪಟ್ಟದಕಲ್ಲಿನಲ್ಲಿ ಹೊಳೆ ಉತ್ತರಕ್ಕೆ ತಿರುಗುತ್ತದೆ. ಉತ್ತರವಾಹಿನಿ ಅಂದರೆ ಪವಿತ್ರ. ಅದಕ್ಕೇ ಚಾಲುಕ್ಯರ ಪಟ್ಟಾಭಿಷೇಕ ಇಲ್ಲಿ. 1987ರಿಂದ ಇದು ವಿಶ್ವ ಪರಂಪರೆಯ ತಾಣ. ಗುಡಿಗಳ ಆವರಣದಲ್ಲಿ ಒಂದು ಕಾಗದದ ಚೂರಿಲ್ಲ, ಹುಲ್ಲು ಕತ್ತರಿಸಿ ಇಟ್ಟಿದ್ದಾರೆ. ಹಿಂದಿನ ಬಾಗಿಲಿನಿಂದ ಹೊಳೆಗೆ ಇಳಿದರೆ ಗೈಡ್ ಕೂಡ ಬರಲ್ಲ. ಐಹೊಳೆಯಲ್ಲಿ ಇಳಿಯಲೇ ಇಲ್ಲ, ಬಿಸಿಲು ಸಾಕಾಗಿತ್ತು.

ಕೂಡಲಸಂಗಮಕ್ಕೆ ಬಂದಾಗ ನಾಲ್ಕು ಗಂಟೆ. ನಾರಾಯಣಪುರ ಜಲಾಶಯದ ಹಿನ್ನೀರು ಕಣ್ಣು ಹಾಯುವವರೆಗೂ. ಮೂರು ದಿನ ಚೂರುಚೂರಾಗಿ ನೋಡಿದ ಹೊಳೆ ಇಲ್ಲಿ ಇದ್ದಕ್ಕಿದ್ದ ಹಾಗೆ ಸಮುದ್ರ ಆಗಿಬಿಟ್ಟಿತ್ತು. ಯಾವುದು ಮಲಪ್ರಭೆ, ಯಾವುದು ಕೃಷ್ಣೆ ಅಂತ ಮಾಮಾ ಕೇಳಿದರು. ತೋರಿಸೋಕೆ ನನಗೂ ಆಗಲಿಲ್ಲ. ಬಸವಣ್ಣನವರ ಐಕ್ಯ ಮಂಟಪಕ್ಕೆ ನೀರಿನ ನಡುವೆ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಕೈ ಮುಗಿದು ಬಂದೆವು.

ಕಟ್ಟೆಯ ಮೇಲೆ ಮಾಮಾ ಉಳಿದ ಬಾಟಲಿಗಳನ್ನು ಸಾಲಾಗಿ ಇಟ್ಟರು. ಅತ್ತೆ ಫೋನ್ ಮಾಡಿ, ಆ ರಾಡಿ ಮನೆಗೆ ತಂದರೆ ಇಬ್ಬರನ್ನೂ ಒಳಗೆ ಬಿಡಲ್ಲ ಅಂದಿದ್ದರು. ಹೊಳೆಗೆ ಸುರಿಯೋಣ ಅಂದರೆ ಮಾಮಾನಿಗೆ ಮನಸ್ಸಿಲ್ಲ. ಏನು ಮಾಡೋದು ಅಂತ ಯೋಚಿಸುತ್ತಾ ಕುಳಿತಿದ್ದಾಗ ಒಬ್ಬ ಆಯಿ ಮೊಮ್ಮಗನ ಕೈ ಹಿಡಿದು ಬಂದಳು.

“ಎಲ್ಲೆಲ್ಲಿ ತೀರ್ಥಾರೀ ಯಪ್ಪಾ ಇವು?”

ಮಾಮಾ ತಡವರಿಸಿದರು. “ಎಲ್ಲಾ ಮಲಪ್ರಭಾದ್ದು ಯವ್ವಾ. ನಿಮ್ಮದು ಯಾವೂರು?”

“ಹುಬ್ಬಳ್ಳಿ. ಒಂದೀಟು ಕೊಡ್ರಿ, ಪುಣ್ಯಾ ಬರತೈತಿ.”

ಮಾಮಾ ಪಟ್ಟಿಗಳನ್ನು ಎರಡೆರಡು ಸಲ ಓದಿ, ಕಣಕುಂಬಿಯದನ್ನು ಆರಿಸಿ ಕೊಟ್ಟರು. “ತಲಿಗೆ ಚುಮಕಿಸ್ಕೊಳ್ರಿ ಯವ್ವಾ. ಕುಡೀಬ್ಯಾಡ್ರಿ.”

ಅಷ್ಟರಲ್ಲಿ ಆಯಿ ಅಂಗೈಗೆ ಸುರಿದುಕೊಂಡು ಕುಡಿದಾಗಿತ್ತು. ಮೊಮ್ಮಗನಿಗೂ ಕುಡಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಸಾಲಿನಲ್ಲಿದ್ದ ಮುಂದಿನ ಬಾಟಲಿಯ ಕಡೆ ಕೈ ಚಾಚಿದಳು. ಮಾಮಾ ಗಡಬಡಿಸಿ ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು.